ಎತ್ತಿನ ಗಾಡಿಯಲ್ಲಿ ಹೆಚ್ಚಿನ ಸಾಮಾನಿಗೆ ಸ್ಥಳ ಮಾಡಿಕೊಳ್ಳುವ ಕ್ರಮ

ಸುಗ್ಗಿಯ ಕಾಲದಲ್ಲಿ ಗಾಡಿಯಲ್ಲಿ ಸ್ಥಳವು ಸಾಲದೆ ಹೋಗುವುದು ರೈತರೆಲ್ಲರಿಗೂ ತಿಳಿದ ಸಂಗತಿಯೇ. ಮೂಟೆ, ಹುಲ್ಲು, ಹಗ್ಗ, ಎತ್ತುಗಳ ಮೇವು, ನೀರಿನ ಡಬ್ಬ ಇವೆಲ್ಲವೂ ಒಂದೇ ಗಾಡಿಯಲ್ಲಿ ಹೋಗಬೇಕಾಗುತ್ತದೆ. ಆಗ ಇಕ್ಕೆಲದ ಗೂಟಗಳನ್ನು ಎತ್ತರಿಸುವುದು, ಹಿಂದುಗಡೆ ಹಲಗೆಯನ್ನು ಚಾಚಿ ಜೋಡಿಸುವುದು, ಅಡಿಯಲ್ಲಿ ಪೆಟ್ಟಿಗೆಯನ್ನು ತೂಗಹಾಕುವುದು ಮೊದಲಾದ ಉಪಾಯಗಳನ್ನು ಮಾಡುವರು. ಈ ಉಪಾಯಗಳಲ್ಲಿ ದೋಷವೇನೂ ಇಲ್ಲ. ಆದರೆ ಸ್ಥಳವು ಹೆಚ್ಚಿದ ಮಾತ್ರಕ್ಕೆ ಎತ್ತುಗಳ ಶಕ್ತಿಯಾಗಲಿ, ಅಚ್ಚಿನ ಬಲವಾಗಲಿ ಹೆಚ್ಚುವುದಿಲ್ಲವೆಂಬುದನ್ನು ಮೊದಲು ಮನಸ್ಸಿನಲ್ಲಿಡತಕ್ಕದ್ದು.

ಒಂದು ಮೀಟರು ಉದ್ದ, ಅರ್ಧ ಮೀಟರು ಅಗಲ, 40 ಸೆಂಟಿಮೀಟರು ಆಳವುಳ್ಳ ಪೆಟ್ಟಿಗೆಯೊಂದನ್ನು ಗಾಡಿಗೆ ಹೊಸದಾಗಿ ಜೋಡಿಸಿದರೆಂದು ಇಟ್ಟುಕೊಳ್ಳೋಣ. ಅದರಲ್ಲಿ ಸಡಿಲವಾದ ಹುಲ್ಲನ್ನು ತುಂಬಿದರೆ ಹತ್ತು ಕಿಲೋಗ್ರಾಮಿನಷ್ಟೂ ತೂಗಲಾರದು. ಅದೇ ಪೆಟ್ಟಿಗೆಗೆ ಭತ್ತವನ್ನು ತುಂಬಿದರೆ ಸುಮಾರು 115 ಕಿಲೋಗ್ರಾಂ, ಮರಳನ್ನು ತುಂಬಿದರೆ 300 ಕಿಲೋಗ್ರಾಮಿಗೂ ಮೇಲೆ ಆಗುವುದು. ಪೆಟ್ಟಿಗೆಯನ್ನು ಮಾಡಿಸಿದವನು ಹುಲ್ಲಿಗೆಂದೇ ಮಾಡಿಸಿರಬಹುದು. ಖಾಲಿಯಿರುವ ಪೆಟ್ಟಿಗೆಯನ್ನು ಕಂಡ ಆಳು ಅದರಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ತುಂಬುವನು. ಆದುದರಿಂದ ಭಾರವಾದ ಪದಾರ್ಥವು ನಿಲ್ಲಲಾರದ ಬಲೆ ಅಥವಾ ಬಿದಿರಿನ ತಟ್ಟಿಯೇ ಹಲಗೆಯ ಪೆಟ್ಟಿಗೆಗಿಂತ ಮೇಲು. ಅವುಗಳ ಸ್ವಂತ ತೂಕವೂ ಕಡಿಮೆ.

ಎತ್ತುಗಳು ದಿನವೆಲ್ಲ ದಣಿಯದೆ ಎಳೆಯಬಲ್ಲ ಸೆಳೆತವು ಅವುಗಳ ಮೈತೂಕದ ಹತ್ತರಲ್ಲೊಂದು ಪಾಲೆಂದು ಸ್ಥೂಲವಾಗಿ ಎಣಿಸುವರು. ತಲಾ 400 ಕಿಲೋಗ್ರಾಂ ತೂಗುವ ಜೋಡಿಗೆ ಇದು 80 ಕಿಲೋಗ್ರಾಂ ಆಗುತ್ತದೆ. ಗಾಡಿಯೂ ಹೇರೂ ಕೂಡಿ 1000 ಕಿಲೋಗ್ರಾಂ ಇದ್ದು, ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಅದನ್ನು ಎಳೆಯಲು 30 ಕಿಲೋಗ್ರಾಂ ಸೆಳೆತ ಬೇಕಾಗುತ್ತದೆಂದು ಭಾವಿಸಿದರೆ, ಇಪ್ಪತ್ತಡಿಗೆ ಒಂದಡಿ ಏರುವ ದಿಣ್ಣೆಯಲ್ಲಿ ಇದರ ಮೇಲೆ ಇನ್ನೂ 50 ಕಿಲೋಗ್ರಾಂ ಸೇರುವುದು. ಶಕ್ತಿಯ ಮಿತಿಯು ಅಲ್ಲಿಗೇ ಮುಗಿಯಿತು. ಎತ್ತುಗಳು ಸ್ವಲ್ಪ ಹೊತ್ತು ಇದಕ್ಕಿಂತ ಹೆಚ್ಚಾಗಿ ಎಳೆಯಬಲ್ಲವು, ನಿಜ; ಆ ಶಕ್ತಿಯನ್ನು ಹಳ್ಳಕ್ಕೂ ಕೆಸರಿಗೂ ಮೀಸಲಾಗಿಡಬೇಕೇ ಹೊರತು ದಿನದ ಹೇರಿನ ಲೆಕ್ಕಕ್ಕೆ ಹಿಡಿಯಲಾಗದು. ಅಮೃತಮಹಲ್, ಹಳ್ಳಿಕಾರ್ ತಳಿಗಳ ಹೆಸರು ಎಷ್ಟೇ ದೊಡ್ಡದಾಗಿರಲಿ, ಈ ಲೆಕ್ಕವು ಅವುಗಳಿಗೂ ತಪ್ಪಿದ್ದಲ್ಲ.

ಒಟ್ಟು ತೂಕದಷ್ಟೇ ಮುಖ್ಯವಾದುದು ತೂಕವು ಎಲ್ಲಿ ಕುಳಿತಿದೆಯೆಂಬುದು. ಎರಡು ಚಕ್ರದ ಗಾಡಿಯು ತಕ್ಕಡಿಯಂತೆ ಅಚ್ಚಿನ ಮೇಲೆ ನಿಂತಿರುತ್ತದೆ. ಅಚ್ಚಿನಿಂದ ನೊಗಕ್ಕೆ ಹತ್ತಡಿ ದೂರವಿದೆಯೆಂದೂ, ನೊಗದ ಮೇಲೆ 30 ಕಿಲೋಗ್ರಾಂ ಭಾರ ಬೀಳುತ್ತಿದೆಯೆಂದೂ ಇಟ್ಟುಕೊಳ್ಳೋಣ. ಈಗ ಅಚ್ಚಿನಿಂದ ನಾಲ್ಕಡಿ ಹಿಂದಕ್ಕೆ, ಚಾಚಿದ ಹಲಗೆಯ ಮೇಲೆ, 60 ಕಿಲೋಗ್ರಾಮಿನ ಮೂಟೆಯೊಂದನ್ನು ಇಟ್ಟರೆ, 60ನ್ನು ನಾಲ್ಕರಿಂದ ಗುಣಿಸಿ ಹತ್ತರಿಂದ ಭಾಗಿಸಿದಷ್ಟು, ಎಂದರೆ 24 ಕಿಲೋಗ್ರಾಂ, ನೊಗದಿಂದ ಕಳೆಯುವುದು. ಉಳಿಯುವುದು ಆರು ಮಾತ್ರ. ಅದೇ ಮೂಟೆಯನ್ನು ನಾಲ್ಕಡಿ ಮುಂದಕ್ಕಿಟ್ಟರೆ ಹೆಗಲ ಮೇಲೆ 54 ಕಿಲೋಗ್ರಾಂ ಕೂಡುವುದು. ಅಚ್ಚಿನ ನೇರಕ್ಕೆ ಇಟ್ಟರೆ ಹೆಗಲಿಗೆ ಹೆಚ್ಚು ಕಡಿಮೆ ಏನೂ ಆಗದು.

ಹೇರು ಎತ್ತರವಾದಷ್ಟೂ ಈ ತೊಂದರೆ ಇಮ್ಮಡಿಸುತ್ತದೆ. 800 ಕಿಲೋಗ್ರಾಂ ಹೇರಿನ ಭಾರಕೇಂದ್ರವು ಅಚ್ಚಿಗಿಂತ ಮೂರಡಿ ಮೇಲಿದ್ದು, ಗಾಡಿಯು ಹತ್ತಡಿಗೆ ಒಂದಡಿ ಏರುವ ದಿಣ್ಣೆಯನ್ನು ಹತ್ತಿದರೆ ಆ ಕೇಂದ್ರವು ಸುಮಾರು ನಾಲ್ಕಂಗುಲದಷ್ಟು ಹಿಂದಕ್ಕೆ ಸರಿದಂತಾಗಿ, ನೊಗದ ಭಾರದಲ್ಲಿ 24 ಕಿಲೋಗ್ರಾಂ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಅಷ್ಟೇ ಭಾರ ಹೆಚ್ಚಾಗಿ ಬೀಳುತ್ತದೆ. ಹಿಂದುಗಡೆ ಮೂಟೆಯನ್ನಿಟ್ಟು ಆರೇ ಕಿಲೋಗ್ರಾಂ ಉಳಿಸಿಕೊಂಡ ಗಾಡಿಯು ಇಂತಹ ಏರನ್ನು ಹತ್ತಿದರೆ ನೊಗವು ಮೇಲಕ್ಕೆದ್ದು, ಕೊರಳ ಹಗ್ಗವು ಎತ್ತಿನ ಗಂಟಲನ್ನು ಬಿಗಿಯುವುದು. ಉಸಿರು ಕಟ್ಟಿದ ಎತ್ತು ನಿಂತುಬಿಟ್ಟರೆ ಮೊಂಡುತನವೆಂದು ಬಾರುಕೋಲನ್ನು ಎತ್ತುವವರುಂಟು, ತಪ್ಪು ಎತ್ತಿನದಲ್ಲ. ಮುಂಭಾರದ ಗಾಡಿಯ ಕಷ್ಟವು ಇಳಿಜಾರಿನಲ್ಲಿ. ಅದರಿಂದ ಹೆಗಲು ಬಾತು ಹುಣ್ಣಾಗಿ, ಉಳುಮೆಯ ದಿನಗಳಲ್ಲಿ ಎತ್ತು ಕೊಟ್ಟಿಗೆಯಲ್ಲಿ ನಿಲ್ಲಬೇಕಾಗುತ್ತದೆ.

ಆದಕಾರಣ ಹೊಸ ಸ್ಥಳವನ್ನು ಗಾಡಿಯ ಅಡಿಯಲ್ಲಿ, ಅಚ್ಚಿಗೆ ಆದಷ್ಟು ಸಮೀಪವಾಗಿ, ಕಲ್ಪಿಸಿಕೊಳ್ಳುವುದೇ ಉತ್ತಮ. ಮೇವನ್ನು ಅಡಿಯ ಬಲೆಯಲ್ಲಿ ಒಯ್ಯುವ ಹಳೆಯ ಪದ್ಧತಿಯು ಈ ದೃಷ್ಟಿಯಿಂದ ಬಹಳ ಯುಕ್ತವಾದುದು. ನೀರಿನ ಡಬ್ಬ, ಕಬ್ಬಿಣದ ಸಾಮಾನು ಮೊದಲಾದ ಭಾರವಾದವುಗಳನ್ನು ಅಚ್ಚಿನ ಬಳಿಯಲ್ಲಿಯೇ ಇಡತಕ್ಕದ್ದು. 20 ಲೀಟರು ನೀರೆಂದರೆ 20 ಕಿಲೋಗ್ರಾಂ ಎಂಬುದನ್ನು ಮರೆಯಬಾರದು. ತೂಗಹಾಕುವ ಪಟ್ಟಿಗಳನ್ನು ಉದ್ದದ ತೊಲೆಗಳಿಗೆ ಬೋಲ್ಟಿನಿಂದ ಬಿಗಿಯಬೇಕು. ಹಾಸುಹಲಗೆಗೆ ಮೊಳೆ ಹೊಡೆದರೆ ಕುಲುಕಾಟಕ್ಕೆ ಕಿತ್ತುಬರುವುದು. ಮೂಕಿಮರದಲ್ಲಿ ಮಾತ್ರ ಹೊಸ ತೂತುಗಳನ್ನು ಕೊರೆಯಲೇಬಾರದು. ಟೈರಿನ ಗಾಡಿಗಳು ತಗ್ಗಾಗಿರುವುದರಿಂದ ಬದುವನ್ನು ದಾಟುವಾಗ ಪೆಟ್ಟಿಗೆಯು ನೆಲಕ್ಕೆ ತಾಗದಂತೆಯೂ, ಟೈರಿಗೆ ಉಜ್ಜದಂತೆಯೂ ನೋಡಿಕೊಳ್ಳಬೇಕು. ಎತ್ತರದ ಗೂಟಗಳನ್ನು ಹುಲ್ಲು ಸೊಪ್ಪೆಗಳಿಗೆ ಮಾತ್ರ ಉಪಯೋಗಿಸುವುದು ಲೇಸು.

ಕಟ್ಟಿದ ಮೇಲೆ ತೂಗಿ ನೋಡದೆ ಬಿಡಬಾರದು. ಸಕ್ಕರೆ ಕಾರ್ಖಾನೆಯ ಅಥವಾ ಮಾರುಕಟ್ಟೆಯ ವೇಬ್ರಿಡ್ಜಿನಲ್ಲಿ ಖಾಲಿ ಗಾಡಿಯ ತೂಕವನ್ನು ಒಮ್ಮೆ ಹಿಡಿಸಿ ಬರೆದಿಟ್ಟುಕೊಂಡರೆ ಮುಂದೆ ಮೂಟೆಗಳನ್ನು ಎಣಿಸಿದರೆ ಸಾಕು. ನೊಗದ ಭಾರವನ್ನು ತಿಳಿಯಲು, ಹೇರು ತುಂಬಿದ ಗಾಡಿಯನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎತ್ತುಗಳನ್ನು ಬಿಚ್ಚಿ, ನೊಗದ ನಡುವನ್ನು ಅದರ ಸಹಜವಾದ ಎತ್ತರದಲ್ಲಿ ಸ್ಪ್ರಿಂಗ್ ತಕ್ಕಡಿಗೆ ತೂಗಹಾಕಬೇಕು. ಬಿಚ್ಚುವಾಗ ನೊಗವು ಹಠಾತ್ತಾಗಿ ಮೇಲೇಳುವ ಸಂಭವವಿರುವುದರಿಂದ ಇಬ್ಬರು ಅದನ್ನು ಹಿಡಿದಿರುವುದು ಅವಶ್ಯಕ.

ಹೇರುವ ಎತ್ತುಗಳ ವಿಷಯದಲ್ಲಿ 1965ರ ನಿಯಮಗಳೂ ಇವೆ. ಅವುಗಳಲ್ಲಿ ಗಾಳಿ ತುಂಬಿದ ಟೈರುಗಳುಳ್ಳ ಗಾಡಿಗೆ ಇಲ್ಲದ ಗಾಡಿಗಿಂತ ಒಂದೂವರೆಯಷ್ಟು ಭಾರಕ್ಕೆ ಅವಕಾಶವಿದೆ. ಕಡಿದಾದ ದೀರ್ಘ ಏರಿನ ದಾರಿಯಾದರೆ ಮಿತಿಯು ಅರ್ಧಕ್ಕೆ ಇಳಿಯುತ್ತದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಉಷ್ಣವು 37 ಡಿಗ್ರಿಯನ್ನು ಮೀರುವ ಪ್ರದೇಶದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎತ್ತುಗಳನ್ನು ಕಟ್ಟತಕ್ಕದ್ದಲ್ಲ.

ಹಿಂದಕ್ಕೆ ಚಾಚಿದ ಹುಲ್ಲು ಗಾಡಿಯ ಹಿಂಬದಿಯ ಕೆಂಪು ಹೊಳಪುಪಟ್ಟಿಯನ್ನು ಮುಚ್ಚಿದ್ದರೆ, ಕತ್ತಲಾಗುವ ಮುಂಚೆ ಆ ಪಟ್ಟಿಯನ್ನು ಹುಲ್ಲಿನ ತುದಿಗೇ ಕಟ್ಟಬೇಕು.