ಗುಂಡುಮೈಯ ಚಿಮ್ಮುಬಾಲಗಳು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕಪ್ಪು ಮಣ್ಣಿನ ಹೊಲಗಳು ಹೇರಳವಾಗಿವೆ. ಬೇಸಗೆಯಲ್ಲಿ ಈ ನೆಲವು ಬಾಯ್ದೆರೆದು ಬಿರಿಯುತ್ತದೆ. ಮುಂಗಾರು ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ತೊಗರಿ, ಹತ್ತಿಯ ಹೊಲಗಳ ಬದುವಿನಲ್ಲಿ ಕೊಳೆಯುತ್ತಿರುವ ತರಗೆಲೆಯನ್ನು ಮೆಲ್ಲನೆ ಎತ್ತಿ ನೋಡಿದರೆ, ಸಾಸಿವೆ ಕಾಳಿನಷ್ಟು ಕಿರಿದಾದ ಜೀವಿಗಳು ಚಂಗನೆ ನೆಗೆದು ಕಣ್ಮರೆಯಾಗುವುದುಂಟು. ಇವೇ ಚಿಮ್ಮುಬಾಲಗಳು.

ಇವುಗಳಿಗೆ ರೆಕ್ಕೆಗಳಿಲ್ಲ. ಹೊಟ್ಟೆಯ ಕೆಳಗೆ ಕವಲೊಡೆದ ಬಾಲವೊಂದು ಮಡಿಚಿಕೊಂಡು, ಸಣ್ಣ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಅಪಾಯ ಬಂದಾಗ ಕೊಂಡಿ ಕಳಚುತ್ತದೆ. ಬಾಲವು ನೆಲಕ್ಕೆ ಬಡಿದು ಜೀವಿಯನ್ನು ಮೇಲಕ್ಕೆಸೆಯುತ್ತದೆ. ಗುಂಡುಮೈಯ ಒಂದು ಪ್ರಭೇದವು ಹೀಗೆ ನೆಗೆಯುವಾಗ ಸೆಕೆಂಡಿಗೆ 368 ಸುತ್ತುಗಳವರೆಗಿನ ವೇಗದಲ್ಲಿ ಹಿಮ್ಮುಖವಾಗಿ ತಿರುಗುವುದೆಂದು ಅಮೆರಿಕದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ಹೊಟ್ಟೆಯ ಮೊದಲ ಖಂಡದಲ್ಲಿರುವ ಕೊಳವೆಯು ನೀರನ್ನು ಹೀರಲು ನೆರವಾಗುತ್ತದೆ. ಬಹುಪಾಲು ಚಿಮ್ಮುಬಾಲಗಳು ಚರ್ಮದ ಮೂಲಕವೇ ಉಸಿರಾಡುವುದರಿಂದ ತೇವವಿಲ್ಲದೆ ಬದುಕಲಾರವು.

ಆರು ಕಾಲುಗಳಿರುವುದರಿಂದ ಇವನ್ನು ಬಹುಕಾಲ ಕೀಟಗಳೆಂದೇ ಎಣಿಸಲಾಗಿತ್ತು. ಆದರೆ ಕೀಟಗಳ ಬಾಯಿಯ ಅಂಗಗಳು ಹೊರಗೆ ಕಾಣುತ್ತವೆ. ಇವುಗಳವು ತಲೆಯೊಳಗೆ ಅಡಗಿವೆ. ಇವುಗಳ ಹೊಟ್ಟೆಯಲ್ಲಿ ಆರಕ್ಕಿಂತ ಹೆಚ್ಚು ಖಂಡಗಳಿಲ್ಲ. ಆದುದರಿಂದ ಇಂದಿನ ಅನೇಕ ವಿದ್ವಾಂಸರು ಇವನ್ನು ಕೊಲೆಂಬೊಲ ಎಂಬ ಪ್ರತ್ಯೇಕ ವರ್ಗದಲ್ಲಿ ಇರಿಸಿದ್ದಾರೆ. ಈ ವರ್ಗದಲ್ಲಿ ನಾಲ್ಕು ಗಣಗಳಿವೆ. ಪೊಡ್ಯುರೊಮಾರ್ಫ, ಎಂಟೊಮೊಬ್ರಯೊಮಾರ್ಫ ಗಣಗಳ ಜೀವಿಗಳು ನೀಳವಾಗಿವೆ. ಸಿಂಫಿಪ್ಲಿಯೋನ, ನೀಲಿಪ್ಲಿಯೋನ ಗಣಗಳಲ್ಲಿ ದೇಹದ ಖಂಡಗಳು ಬೆಸೆದುಕೊಂಡು ಮೈ ಗುಂಡಾಗಿದೆ. ಗುಂಡಾಗಿರುವುದರಿಂದಲೇ ಈ ಎರಡೂ ಒಂದೇ ಎನ್ನಲಾಗದು: ಮೊದಲನೆಯದರ ಕುಡಿಮೀಸೆಗಳು ತಲೆಗಿಂತ ಉದ್ದ, ಎರಡನೆಯದರವು ತಲೆಗಿಂತ ಗಿಡ್ಡ. ಹೊರರೂಪವೊಂದೇ ಬಂಧುತ್ವಕ್ಕೆ ಸಾಕ್ಷಿಯಲ್ಲವೆಂಬುದು ವರ್ಗೀಕರಣವು ಕಲಿಸುವ ಮುಖ್ಯ ಪಾಠ.

ಸ್ಕಾಟ್‌ಲೆಂಡಿನಲ್ಲಿ ದೊರೆತ ಚಿಮ್ಮುಬಾಲದ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷಗಳಾಗಿವೆ. ಇಷ್ಟು ಪುರಾತನವಾದ ಈ ಕುಲವು ಇಂದಿಗೂ ಶಿಲೀಂಧ್ರಗಳನ್ನೂ ಕೊಳೆತ ಎಲೆಗಳನ್ನೂ ತಿಂದು, ಅವು ಮಣ್ಣಿನಲ್ಲಿ ಬೆರೆಯಲು ನೆರವಾಗುತ್ತಿದೆ. ಕೆಲವು ಪ್ರಭೇದಗಳು ಎಳೆಯ ಪೈರನ್ನು ತಿನ್ನುವುದುಂಟಾದರೂ ಬಹುತೇಕ ಚಿಮ್ಮುಬಾಲಗಳು ನಿರಪಾಯಕಾರಿಗಳು. ಸುಗ್ಗಿಯ ತರುವಾಯ ಹೊಲದ ಕಸಕಡ್ಡಿಗೆಲ್ಲ ಬೆಂಕಿಯಿಟ್ಟರೆ ಅವುಗಳ ಆಹಾರ, ತೇವ, ಆಶ್ರಯಗಳು ಒಮ್ಮೆಲೇ ನಾಶವಾಗುತ್ತವೆ. ಬರಿಗಣ್ಣಿಗೆ ಚುಕ್ಕೆಯಂತೆ ತೋರುವ ಈ ಜೀವಿಗಳನ್ನು ಅರಿತವನು ಕಡ್ಡಿ ಗೀರುವ ಮುನ್ನ ಒಂದು ಕ್ಷಣ ಯೋಚಿಸುವನು.