ಸೋಲುವ ಟೀಮು, ಬೀಳುವ ಶೇರು

ನನ್ನ ಹಳೇ ಪಾಕೆಟ್ ಡೈರಿಯ ಒಂದು ಪುಟ: ಎಸ್‌ಟಿ ಚಾರ್ಜು, ಮಿಸಳ-ಪಾವ್, ಒಂದು ಡಜನ್ ನಿಂಬೆಹಣ್ಣು. ಕೆಳಗೆ ಕೆಂಪು ಶಾಯಿಯಲ್ಲಿ 0-5. ಇಸವಿ 1994. ಗಡಹಿಂಗ್ಲಜದ ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮು ಕೊಲ್ಹಾಪುರಕ್ಕೆ ಹೋಗಿ ಸೋತು ಬಂದ ದಿನದ ಲೆಕ್ಕ ಅದು.

ಕೊಲ್ಹಾಪುರದವರಿಗೆ ಕುಸ್ತಿಯಷ್ಟೇ ಹುಚ್ಚು ಫುಟ್‌ಬಾಲಿನದೂ. ಪಾಟಾಕಡೀಲ, ಖಂಡೋಬಾ, ದಿಲ್‌ಬಹಾರ್ ಎಂದು ತಾಲೀಮುಗಳ, ಅಂದರೆ ಗರಡಿಮನೆಗಳ, ಹೆಸರಲ್ಲೇ ಅಲ್ಲಿ ಟೀಮುಗಳಿವೆ. ಶಾಹು ಸ್ಟೇಡಿಯಂ ಕಿಕ್ಕಿರಿದು ತುಂಬುತ್ತದೆ. ಆ ಓಣಿಗಳಲ್ಲಿ ಚೆಂಡು ಒದ್ದು ಬೆಳೆದ ಹುಡುಗರ ಎದುರು ನಮ್ಮವರು! ನಮ್ಮ ಗೋಲಿಯ ಕೈಗವಸು ಹರಿದಾಗ ಅಪ್ಪ ಇಚಲಕರಂಜಿಯ ಮಗ್ಗದಿಂದ ತಂದ ನೂಲನ್ನು ನಾಲ್ಕೆಳೆ ಮಾಡಿ ಅವ್ವ ಹೊಲಿದುಕೊಟ್ಟಿದ್ದಳು. ಹೊಲಿಗೆ ನಿಂತಿತು, ಚೆಂಡು ನಿಲ್ಲಲಿಲ್ಲ.

ಇಚಲಕರಂಜಿಯಲ್ಲಿ ಅಪ್ಪನ ಜೊತೆಯವರದೊಂದು ಭಿಶಿ ಇತ್ತು. ಹನ್ನೆರಡು ಜನ, ತಿಂಗಳಿಗೆ 50 ರೂಪಾಯಿ, ಚೀಟಿ ಎತ್ತಿದವರಿಗೆ 600. ನನ್ನ ಹೆಸರು ಬಂದಾಗ ಅಷ್ಟನ್ನೂ ಟೀಮಿನ ಬೂಟಿಗೆ ಹಾಕಿದೆ. ಭಿಶಿ ನಡೆಸುತ್ತಿದ್ದ ಕಾಕಾ ತಲೆ ಚಚ್ಚಿಕೊಂಡರು: "ಒಂದರೆ ಮ್ಯಾಚ್ ಗೆದ್ದಾರೇನೋ ತಮ್ಮಾ, ಇಷ್ಟ್ ರೊಕ್ಕಾ ಸುರೀಲಿಕ್ಕೆ?" ಆ 600ರ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ. ವಾಪಸ್ ಬರುತ್ತದೆಂದು ಕೊಟ್ಟ ದುಡ್ಡೇ ಅಲ್ಲ ಅದು.

ಬೇಜಾರು ಇರುವುದು ಬೇರೆಯದಕ್ಕೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿದಾಗ ಒಂದು ಬಟ್ಟೆ ಕಂಪನಿಯ 100 ಶೇರುಗಳನ್ನು 240ರಂತೆ ಕೊಂಡೆ. ಅಕ್ಟೋಬರಿನಲ್ಲಿ ಸೆನ್ಸೆಕ್ಸ್ 8,000ದ ಕೆಳಗಿಳಿಯಿತು, ನನ್ನ ಶೇರು 80ಕ್ಕೆ. ಮಾರು ಎಂದ ಗೆಳೆಯನಿಗೆ, ಸೋತಾಗ ಕೈಬಿಡುವ ಜಾತಿಯವನಲ್ಲ ನಾನು ಎಂದು ಜಂಬ ಕೊಚ್ಚಿದೆ. ಟೀಮಿಗೆ ನನ್ನ ನಿಷ್ಠೆ ಗೊತ್ತಿತ್ತು. ಶೇರಿಗೆ ನಾನು ಯಾರೆಂಬುದೇ ಗೊತ್ತಿರಲಿಲ್ಲ. 2015ರಲ್ಲಿ 31ಕ್ಕೆ ಮಾರಿದೆ.

ನಿಷ್ಠೆಗೆ ಇನ್ನೊಂದು ದಂಡವೂ ಬಿತ್ತು. ವರ್ಷದೊಳಗೆ ಮಾರಿದ್ದರೆ 16,000ದ ಅಲ್ಪಾವಧಿ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದಿತ್ತು. 2011ರಲ್ಲಿ ಗಡಹಿಂಗ್ಲಜದ ಜಾಗ ಮಾರಿ ಬಂದ ಲಾಭದಲ್ಲಿ ಅದನ್ನು ಕಳೆದು ತೆರಿಗೆ ಉಳಿಸಬಹುದಿತ್ತು. ಆಗ ಪೇಟೆಯಲ್ಲಿ ಮಾರಿದ ಶೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇರಲಿಲ್ಲ, ಹಾಗಾಗಿ 2015ರ ನಷ್ಟ ಲೆಕ್ಕಕ್ಕೇ ಬರಲಿಲ್ಲ. 2018ರ ಏಪ್ರಿಲ್‌ನಿಂದ ಆ ಲಾಭಕ್ಕೆ ತೆರಿಗೆ ಬಂದಿದೆ. ಈಗ ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಕಳೆಯಬಹುದು, ಮಿಕ್ಕದ್ದನ್ನು ಎಂಟು ವರ್ಷ ಒಯ್ಯಬಹುದು.

ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು. ಈ ವರ್ಷ ನಷ್ಟಕ್ಕೆ ಮಾರಿದ್ದೀರಾದರೆ ತೆರಿಗೆ ಕಟ್ಟುವುದೇನೂ ಇಲ್ಲವೆಂದು ಸುಮ್ಮನೆ ಕೂರಬೇಡಿ, ರಿಟರ್ನ್ ತುಂಬಿಬಿಡಿ.