ಟಿಪ್ಪಣಿಗಳ ಉಗ್ರಾಣ ಮತ್ತು ಅದರ ಬೀಗದಕೈ

ಪಾಠದಲ್ಲಿ ಕೇಳಿದುದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ವಿದ್ಯಾರ್ಥಿಗೆ ಹೊಸದಲ್ಲ; ಹೊಸದಾದುದು ಬರೆದಿಡುವ ಸ್ಥಳ. ನೋಟ್ ಪುಸ್ತಕವಿದ್ದ ಎಡೆಯಲ್ಲಿ ಈಗ ಮೊಬೈಲು ಬಂದು ಕುಳಿತಿದೆ. ಎವರ್‌ನೋಟ್, ಒನ್‌ನೋಟ್, ಗೂಗಲ್ ಕೀಪ್, ನೋಷನ್, ಅಬ್ಸಿಡಿಯನ್, ಜೋಪ್ಲಿನ್ ಮುಂತಾಗಿ ಟಿಪ್ಪಣಿಯ ಆ್ಯಪ್‌ಗಳು ಬೇಕಾದಷ್ಟಿವೆ. ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳುವುದಕ್ಕೆ ಮೊದಲು, ನಾವು ಬರೆದುದು ಎಲ್ಲಿ, ಯಾವ ರೂಪದಲ್ಲಿ ಉಳಿಯುತ್ತದೆ ಎಂದು ಕೇಳಬೇಕು. ಪ್ರೌಢಶಾಲೆಯಿಂದ ಪದವಿಯವರೆಗಿನ ಟಿಪ್ಪಣಿಗಳೆಂದರೆ ಏಳೆಂಟು ವರ್ಷಗಳ ದುಡಿಮೆಯಷ್ಟೆ.

ಒಂದು ಬಗೆಯ ಆ್ಯಪ್‌ಗಳಲ್ಲಿ ಟಿಪ್ಪಣಿಯ ಮೂಲಪ್ರತಿ ಇರುವುದು ದೂರದಲ್ಲೆಲ್ಲೋ ಇರುವ ಕಂಪನಿಯ ಕಂಪ್ಯೂಟರಿನಲ್ಲಿ. ನಮ್ಮ ಕೈಯಲ್ಲಿರುವುದು ಅದರ ನಕಲು. ಇದರಿಂದ ದೊಡ್ಡ ಅನುಕೂಲವುಂಟು: ಕಾಲೇಜಿನಲ್ಲಿ ಬರೆದುದನ್ನು ಮನೆಯಲ್ಲಿ ಓದಬಹುದು, ಮೊಬೈಲು ಬಸ್ಸಿನಲ್ಲಿ ಕಳೆದುಹೋದರೂ ಟಿಪ್ಪಣಿಗಳು ಕಳೆಯವು. ಆದರೆ ಉಗ್ರಾಣದ ಬೀಗದಕೈ ನಮ್ಮಲ್ಲಿಲ್ಲ. ಗೂಗಲ್ ಸಂಸ್ಥೆ 2006ರಲ್ಲಿ ಆರಂಭಿಸಿದ ಗೂಗಲ್ ನೋಟ್‌ಬುಕ್ ಎಂಬ ಸೇವೆ 2012ರಲ್ಲಿ ಮುಚ್ಚಿಹೋಯಿತು. ಪುಣ್ಯಕ್ಕೆ ಅದರೊಳಗಿದ್ದುದನ್ನು ಗೂಗಲ್ ಡಾಕ್ಸ್‌ಗೆ ಸಾಗಿಸಲಾಯಿತು. 2008ರಲ್ಲಿ ಬಳಕೆಗೆ ಬಂದ ಎವರ್‌ನೋಟ್, 2023ರ ಡಿಸೆಂಬರಿನಲ್ಲಿ ಹಣ ಕೊಡದ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಹಳೆಯವನ್ನು ಓದಬಹುದಿತ್ತು, ಹೊರತೆಗೆಯಲೂಬಹುದಿತ್ತು. ಮಿತಿ ಮೀರಿದವರು ಹೊಸದನ್ನು ಸೇರಿಸುವಂತಿರಲಿಲ್ಲ. ವರ್ಷದ ನಡುವೆ ಇಂತಹ ನಿಯಮ ಬಂದರೆ ವಿದ್ಯಾರ್ಥಿಯ ಪಾಡೇನು?

ಇನ್ನೊಂದು ಬಗೆಯಲ್ಲಿ ಬೀಗದಕೈ ನಮ್ಮದೇ. 2020ರಲ್ಲಿ ಹೊರಬಂದ ಅಬ್ಸಿಡಿಯನ್ ಪ್ರತಿಯೊಂದು ಟಿಪ್ಪಣಿಯನ್ನೂ ನಮ್ಮ ಯಂತ್ರದಲ್ಲಿಯೇ ಒಂದು ಸಾದಾ ಪಠ್ಯದ ಕಡತವಾಗಿ ಇಡುತ್ತದೆ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಬರವಣಿಗೆಯ ಕ್ರಮವನ್ನು ಅದು ಅನುಸರಿಸುತ್ತದೆ. ಪದದ ಎರಡು ಬದಿಗೂ ಎರಡೆರಡು ನಕ್ಷತ್ರಚಿಹ್ನೆ ಹಾಕಿದರೆ ಅದು ದಪ್ಪಕ್ಷರವೆಂದು ಅರ್ಥ. ಇಂತಹ ಕೆಲವು ಗುರುತುಗಳಷ್ಟೆ. ನಾಳೆ ಆ ಆ್ಯಪ್ ಇಲ್ಲವಾದರೂ ಕಡತವನ್ನು ಬೇರೆ ಯಾವುದರಲ್ಲಾದರೂ ತೆರೆಯಬಹುದು. ದೋಷವೂ ಇಲ್ಲಿಯೇ ಇದೆ: ಪ್ರತಿ ತೆಗೆದಿಡುವ ಹೊಣೆ ಪೂರ್ತಿ ನಮ್ಮದು. ಮೊಬೈಲು ನೀರಿಗೆ ಬಿದ್ದ ದಿನ ಬೇರೆಡೆ ಪ್ರತಿಯಿಲ್ಲದಿದ್ದರೆ ಎಲ್ಲವೂ ಹೋದಂತೆಯೇ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಸಂಗತಿಗಳು ಬೇರೆ ಕೆಲವುಂಟು. ಯೂನಿಕೋಡ್ ಪದ್ಧತಿಯಲ್ಲಿ ‘ವಿಜ್ಞಾನ’ ಎಂಬ ಪದವನ್ನು ಕಂಪ್ಯೂಟರು ಮೂರು ಅಕ್ಷರವೆಂದು ಕಾಣುವುದಿಲ್ಲ. ವ, ಇಕಾರದ ಗುಡಿಸು, ಜ, ಅರ್ಧಾಕ್ಷರದ ಚಿಹ್ನೆ, ಞ, ದೀರ್ಘ, ನ ಎಂದು ಏಳು ಸಂಕೇತಗಳಾಗಿ ಕಾಣುತ್ತದೆ. ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟು. ಪದಕ್ಕೆ 21 ಬೈಟು. ಒಂದು ಪುಟಕ್ಕೆ 1,200 ಸಂಕೇತಗಳೆಂದು ಹಿಡಿದರೆ 3,600 ಬೈಟು, ಸಾವಿರ ಪುಟಗಳಿಗೆ 36 ಲಕ್ಷ. ಮೊಬೈಲಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳೇ ಇಷ್ಟು ಜಾಗ ಹಿಡಿಯುತ್ತವೆ. ಆದುದರಿಂದ ಕಪ್ಪುಹಲಗೆಯ ಚಿತ್ರ ತೆಗೆದು ತುಂಬಿಡುವವರಿಗೆ ಜಾಗ ಸಾಲದು. ಟೈಪು ಮಾಡುವವರು ಆ ಚಿಂತೆಯನ್ನು ಬಿಡಬಹುದು.

ಹುಡುಕುವಾಗಲೂ ಈ ಸಂಕೇತಗಳೇ ಆಡಳಿತ ನಡೆಸುತ್ತವೆ. ಸಂಕೇತಗಳ ಸಾಲನ್ನು ಇದ್ದಂತೆಯೇ ಹೋಲಿಸಿ ನೋಡುವ ಆ್ಯಪ್‌ನಲ್ಲಿ ‘ಬೇರು’ ಎಂದು ಹುಡುಕಿದರೆ ‘ಬೇರಿನ’ ಎಂಬುದು ಸಿಕ್ಕುವುದಿಲ್ಲ, ಏಕೆಂದರೆ ಉಕಾರದ ಎಡೆಯಲ್ಲಿ ಇಕಾರ ಬಂದಿದೆ. ‘ಬೇರ’ ಎಂದಷ್ಟೇ ಬರೆದರೆ ಎರಡೂ ಸಿಕ್ಕುತ್ತವೆ. ಆದರೆ ‘ಮರ’ ಎಂದು ಕೇಳಿದವನ ಮುಂದೆ ‘ಮರೆವು’, ‘ಮರಳು’ ಸಹ ಬಂದು ನಿಲ್ಲುವುವು! ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಯೂನಿಕೋಡ್ ಅಲ್ಲದ ಕಡತಗಳಿದ್ದರೆ ಅವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಕಾಣುವುದು ಹುರುಳಿಲ್ಲದ ರೋಮನ್ ಅಕ್ಷರಗಳ ರಾಶಿ.

ಆ್ಯಪ್ ಬೇಕೇ, ಕಾಗದವೇ ಸಾಕೇ ಎಂಬ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡವರು ಉಪನ್ಯಾಸವನ್ನು ಹೆಚ್ಚಾಗಿ ಪದಶಃ ಇಳಿಸಿದರು. ಅರ್ಥಗ್ರಹಣದ ಪ್ರಶ್ನೆಗಳಲ್ಲಿ ಕೈಬರಹದವರಿಗಿಂತ ಹಿಂದೆ ಬಿದ್ದರು. 2019 ಮತ್ತು 2021ರಲ್ಲಿ ಬೇರೆಯವರು ಪ್ರಯೋಗವನ್ನು ಮತ್ತೆ ನಡೆಸಿದಾಗ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ತೋರಲಿಲ್ಲ. ಪದಶಃ ಬರೆಯುವ ಚಾಳಿಯಂತೂ ಮತ್ತೆ ಕಂಡಿತು. ಸಮೀಕರಣ, ರೇಖಾಚಿತ್ರಗಳಿಗೆ ಕಾಗದವೇ ಲೇಸೆಂದು ನನ್ನ ಮತ. ಸ್ಟೈಲಸ್ ಇರುವವರಿಗೆ ಒನ್‌ನೋಟ್ ಒಪ್ಪಬಹುದು.

ಆಯ್ದುಕೊಳ್ಳುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಹತ್ತು ಟಿಪ್ಪಣಿಗಳನ್ನು ಬರೆಯಿರಿ. ಒಂದರಲ್ಲಿ ಕೋಷ್ಟಕವಿರಲಿ, ಇನ್ನೊಂದರಲ್ಲಿ ಚಿತ್ರವಿರಲಿ. ಇಂಟರ್‌ನೆಟ್ಟನ್ನು ನಿಲ್ಲಿಸಿ, ಅವು ತೆರೆಯುತ್ತವೆಯೇ ನೋಡಿರಿ. ಬಳಿಕ ‘ಎಕ್ಸ್‌ಪೋರ್ಟ್’ ಸೌಲಭ್ಯದಿಂದ ಎಲ್ಲವನ್ನೂ ಹೊರತೆಗೆದು ಬೇರೊಂದು ಆ್ಯಪ್‌ನಲ್ಲಿ ತೆರೆಯಿರಿ. ಒತ್ತಕ್ಷರಗಳು ಕೆಡದೆ, ಕೋಷ್ಟಕದ ಸಾಲುಗಳು ಚದುರದೆ, ಚಿತ್ರ ಕಳಚಿಹೋಗದೆ ಬಂದಿದ್ದರೆ ಹನ್ನೊಂದನೆಯ ಟಿಪ್ಪಣಿಯನ್ನು ಅಲ್ಲಿಯೇ ಬರೆಯಬಹುದು.